ರಜೆ ಮುಗಿದ ದಿನ ಹಬ್ಬ

ಓಣಂ ರಜೆಯ ಬಗ್ಗೆ ಬರೆಯೋಣ ಎಂದು ಕೂತರೆ ಅದು ಹೇಗೋ ತೆನೆ ಹಬ್ಬಕ್ಕೇ ಹೋಗಿ ನಿಲ್ಲುತ್ತದೆ. ನಮ್ಮ ಮನೆಯಲ್ಲಿ ಎರಡನ್ನೂ ಬೇರೆ ಬೇರೆ ಮಾಡಲಿಕ್ಕೆ ಆಗುವುದೇ ಇಲ್ಲ. ಗಡಿಯಾಚೆಯ ನೆಂಟರಿಗೆ ದಸರಾ ರಜೆ ಉಂಟು. ಮನೆಮಂದಿಯೆಲ್ಲ ಕಾರು ಹತ್ತಿ ಮಡಿಕೇರಿಯೋ ಮೈಸೂರೋ ಅಂತ ಹೊರಡುತ್ತಾರೆ. ಕೇರಳದ ಶಾಲೆಯವರಾದ ನಮಗೆ ನವರಾತ್ರಿಗೆ ಸಿಗುವುದು ಎರಡೋ ಮೂರೋ ದಿನ, ಅಷ್ಟರಲ್ಲಿ ಬಟ್ಟೆ ಒಣಗಿಸಿ ಮುಗಿಯುವುದಿಲ್ಲ. ಮಳೆಗಾಲ ಮತ್ತು ಕ್ರಿಸ್ಮಸ್ಸಿನ ನಡುವೆ ನಾವೆಲ್ಲ ಒಂದೇ ಸೂರಿನಡಿ ಇರುವುದೆಂದರೆ ಓಣಂನ ಆ ಹತ್ತು ದಿನ ಮಾತ್ರ. ಪಂಚಾಂಗ ತೆಗೆದು ನೋಡಿದರೆ ಶರದೃತು ಆಗ ಇನ್ನೂ ಬಂದಿರುವುದಿಲ್ಲ ಎನ್ನಿ. ಆದರೆ ಸೆಪ್ಟೆಂಬರಿನ ಮೊದಲ ಬಿಸಿಲು, ಬೈಲಿನಲ್ಲಿ ಏಣೆಲು ಪೈರು ತೆನೆ ಕಟ್ಟುವ ಹೊತ್ತು, ನಮಗೆ ಅದೇ ಶರತ್ಕಾಲ.

'ನಾವು' ಎಂದರೆ ಗಂಡ ಹೆಂಡತಿ ಇಬ್ಬರೂ. ಇಬ್ಬರೂ ಒಂದೇ ಶಾಲೆಯಲ್ಲಿ ಕನ್ನಡ ಮಾಧ್ಯಮದ ಮಕ್ಕಳಿಗೆ ಪಾಠ ಹೇಳುವವರು. ಮಗಳು ಏಳನೇ ಕ್ಲಾಸು, ಅದೇ ಶಾಲೆಯಲ್ಲಿ. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ, ಅಂಗಡಿಯಲ್ಲಿ ತುಳು, ಬಸ್ಸಿನಲ್ಲಿ ಮಲಯಾಳ. ಹೊರಗಿನವರಿಗೆ ಇದು ವಿಚಿತ್ರ. ಕಾಸರಗೋಡಿನಲ್ಲಿ ಇದನ್ನು ಯಾರೂ ಗಮನಿಸುವುದೂ ಇಲ್ಲ.

ನಮ್ಮ ಹಬ್ಬದ ವಿಷಯ ತಿಳಿಯದ ಪೋಷಕರೂ ಇದನ್ನು ಓದುತ್ತಾರೆ, ಹಾಗಾಗಿ ಎರಡು ಮಾತು. ಸೆಪ್ಟೆಂಬರ್ 8 ಮಾತೆ ಮರಿಯಮ್ಮನವರ ಹುಟ್ಟುಹಬ್ಬ. ಲೋಕದ ಎಲ್ಲ ಕಥೋಲಿಕರಿಗೂ ಅದು ಹಬ್ಬವೇ. ಆದರೆ ನಮ್ಮ ಕರಾವಳಿಯ ಕೊಂಕಣಿ ಕ್ರೈಸ್ತರಿಗೆ ಅದೇ ಹೊಸ ತೆನೆಯ ಹಬ್ಬ ಕೂಡ. ಕೊಂಕಣಿಯಲ್ಲಿ ಮೊಂತಿ ಫೆಸ್ತ್ ಎನ್ನುತ್ತೇವೆ. ಗೋವೆಯಿಂದ ಬಂದ ಫಾದರ್ ಜೊವಾಕಿಂ ಮಿರಾಂದಾ 1763ರಲ್ಲಿ ಫರಂಗಿಪೇಟೆಯ ಮೊಂತೆ ಮರಿಯಾನೊ ಇಗರ್ಜಿಯಲ್ಲಿ ಇದನ್ನು ಶುರುಮಾಡಿದರು ಎಂದು ಹಿರಿಯರು ಹೇಳುತ್ತಾರೆ. 'ಮೊಂತೆ' ಎಂದರೆ ಪೋರ್ಚುಗೀಸಿನಲ್ಲಿ ಗುಡ್ಡ. ಹಬ್ಬಕ್ಕೆ ಮುಂಚಿನ ಒಂಬತ್ತು ದಿನ ಮಕ್ಕಳು ತಟ್ಟೆ ಬುಟ್ಟಿಗಳಲ್ಲಿ ಹೂ ತಂದು ಬಾಲ ಮರಿಯೆಯ ಮೂರ್ತಿಗೆ ಅರ್ಪಿಸುತ್ತಾರೆ. ಹಬ್ಬದ ದಿನ ಪೂಜೆ, ಮೆರವಣಿಗೆ, ತೆನೆಗೆ ಆಶೀರ್ವಾದ. ಹೂ ತಂದ ಮಕ್ಕಳಿಗೆ ಕಬ್ಬು. ಮನೆಗೊಂದಿಷ್ಟು ತೆನೆ ಕೊಡುತ್ತಾರೆ. ಅದನ್ನು ತಂದು, ಕಾಳು ಸುಲಿದು, ಕುಟ್ಟಿ ಹಾಲಿಗೋ ಪಾಯಸಕ್ಕೋ ಹಾಕಿ, ಮನೆಯ ಹಿರಿಯರು ಪ್ರಾರ್ಥನೆ ಹೇಳಿ ಎಲ್ಲರಿಗೂ ಹಂಚಿದ ಮೇಲೆ ಬಾಳೆ ಎಲೆಯಲ್ಲಿ ಊಟ. ಆ ದಿನ ಮೀನು ಮಾಂಸ ಇಲ್ಲ. (ನಮ್ಮವರು ಮೀನಿಲ್ಲದೆ ಹಬ್ಬ ಮಾಡುವುದು ವರ್ಷದಲ್ಲಿ ಇದೊಂದೇ ಇರಬೇಕು!) ಪಲ್ಯ ಪದಾರ್ಥಗಳು ಮೂರು, ಐದು, ಏಳು, ಹೀಗೆ ಬೆಸ ಸಂಖ್ಯೆಯಲ್ಲಿರಬೇಕು. ಕೆಸುವಿನ ದಂಟಿಗೆ ಅಂಬಟೆ ಹಾಕಿದ್ದು, ಬೆಂಡೆ, ಹೀರೆ, ತೊಂಡೆ, ಹಾಗಲ. ಕೊನೆಗೆ ತೆಂಗಿನ ಹಾಲಿನ ಪಾಯಸ.

ಪುದ್ವಾರ್ ಉಣ್ಣುವ ತುಳುವರಿಗೆ, ಇಲ್ಲಂನಿರ ಪುತ್ತರಿ ಮಾಡುವ ಮಲಯಾಳಿಗಳಿಗೆ ಇದರಲ್ಲಿ ಹೊಸದೇನೂ ಕಾಣಲಿಕ್ಕಿಲ್ಲ. ನಮ್ಮ ಬೈಬಲಿನ ಯಾಜಕಕಾಂಡದಲ್ಲೂ ಉಂಟು: ಕೊಯ್ಲಿನ ಮೊದಲ ಸಿವುಡನ್ನು ಯಾಜಕನ ಹತ್ತಿರ ತರದೆ ಹೊಸ ಧಾನ್ಯ ಮುಟ್ಟಬಾರದು ಅಂತ. ಗದ್ದೆ ಇದ್ದವರೆಲ್ಲ ಒಂದೇ ಬಗೆಯಲ್ಲಿ ಯೋಚಿಸಿದ್ದಾರೆ.

ನಮ್ಮ ಅಮ್ಮನ ಮನೆ ಇರುವುದು ಬೇಳದ ಕಡೆ. ಯಾರ ಅಮ್ಮ, ಯಾರ ಅತ್ತೆ ಎಂದು ಕೇಳಬೇಡಿ, ಇಬ್ಬರಿಗೂ ಅಮ್ಮನೇ. ವಯಸ್ಸು ಎಪ್ಪತ್ತೆಂಟು. ಒಬ್ಬ ಮಗ ಕುವೈತಿನಲ್ಲಿ, ಒಬ್ಬ ಮಂಗಳೂರಿನಲ್ಲಿ. ಹತ್ತಿರ ಇರುವವರು ನಾವೇ, ಆದರೂ ಕುಂಬಳೆಯಲ್ಲಿ ಬಸ್ಸು ಬದಲಾಯಿಸಿ ಸೀತಾಂಗೋಳಿ ದಾಟಿ ಹೋಗುವಾಗ ಒಂದೂವರೆ ಗಂಟೆ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದರೂ ನಮ್ಮ ಇಗರ್ಜಿಗಳು ಮಂಗಳೂರು ಧರ್ಮಪ್ರಾಂತ್ಯದಲ್ಲೇ ಉಳಿದವು. ಹಾಗಾಗಿ ದೇವರ ಕ್ಯಾಲೆಂಡರು ಮಂಗಳೂರಿನದು, ಶಾಲೆಯ ಕ್ಯಾಲೆಂಡರು ತಿರುವನಂತಪುರದ್ದು. ಮೊಂತಿ ಹಬ್ಬ ಬಂದಾಗಲೆಲ್ಲ ಈ ಎರಡು ಕ್ಯಾಲೆಂಡರುಗಳ ನಡುವೆ ನಮ್ಮ ಸರ್ಕಸ್ಸು. ಆಚೆ ಕಡೆ ಚರ್ಚಿನ ಶಾಲೆಗಳಲ್ಲಿ ಓದುವ ಅಣ್ಣನ ಮಕ್ಕಳಿಗೆ ಆ ದಿನ ರಜೆ, ನಮಗಿಲ್ಲ. ತಿರುವೋಣಂ ಎಲ್ಲಿ ಬೀಳುತ್ತದೆ ಎನ್ನುವುದರ ಮೇಲೆ ನಮ್ಮ ಹಬ್ಬದ ಯೋಗ.

2022ರಲ್ಲಿ ಆ ಯೋಗ ಹೇಗಿತ್ತೆಂದರೆ ತಿರುವೋಣಂ ಸೆಪ್ಟೆಂಬರ್ 8ಕ್ಕೇ ಬಂತು! ಕೊರೋನದಿಂದಾಗಿ ಎರಡು ವರ್ಷ ಅವರವರ ಮನೆಯಲ್ಲೇ ಪ್ರಾರ್ಥನೆ ಹೇಳಿ ಮುಗಿಸಿದ್ದ ನಾವು ಆ ಸಲ ಎಲ್ಲರೂ ಸೇರಿದೆವು. ಕುವೈತಿನವನೂ ಬಂದಿದ್ದ. ಪಕ್ಕದ ಮನೆಯ ಮಲಯಾಳಿ ಟೀಚರು ಸದ್ಯದ ಅವಿಯಲ್ ಕಳಿಸಿದರು, ಅಮ್ಮ ಕೆಸುವಿನ ದಂಟು ಕಳಿಸಿದರು. ಅವಿಯಲನ್ನೂ ಲೆಕ್ಕಕ್ಕೆ ಸೇರಿಸಿದರೆ ಪದಾರ್ಥ ಎಂಟಾಗುತ್ತದಲ್ಲ ಎಂದು ಅಮ್ಮನಿಗೆ ತಲೆಬಿಸಿ. ಕೊನೆಗೆ ಉಪ್ಪಿನಕಾಯಿಯನ್ನು ಒಂಬತ್ತನೆಯದೆಂದು ಎಣಿಸಿ ಸಮಾಧಾನವಾಯಿತು.

ಇನ್ನು 2025. ಆ ವರ್ಷ ತಿರುವೋಣಂ ಸೆಪ್ಟೆಂಬರ್ 5ಕ್ಕೆ. ಆಗಸ್ಟ್ 29ಕ್ಕೆ ಶಾಲೆ ಮುಚ್ಚಿ ಸೆಪ್ಟೆಂಬರ್ 8ಕ್ಕೆ ತೆರೆಯುವುದು. ನಡುವೆ ಸಿಕ್ಕಿದ್ದು ಸರಿಯಾಗಿ ಒಂಬತ್ತು ದಿನ, ಆಗಸ್ಟ್ 30ರಿಂದ ಸೆಪ್ಟೆಂಬರ್ 7. ಅಂದರೆ ನಮ್ಮ ನೊವೆನಾದ ಒಂಬತ್ತು ದಿನಗಳೇ! ಹೂವಿನ ದಿನಗಳಿಗೆಲ್ಲ ರಜೆ, ಹಬ್ಬದ ದಿನಕ್ಕೆ ಮಾತ್ರ ಇಲ್ಲ. ಮಗಳು ಕ್ಯಾಲೆಂಡರಿನ ಮುಂದೆ ನಿಂತು ಬೆರಳಿನಲ್ಲಿ ಎಣಿಸಿ, "ಇದು ಬೇಕೂಂತ ಮಾಡಿದ್ದಾ?" ಎಂದು ಕೇಳಿದಳು.

ಒಂಬತ್ತು ದಿನವೂ ಅಮ್ಮನ ಮನೆಯಲ್ಲಿದ್ದೆವು. ರಜೆ ಎಂದರೆ ನಮಗೆ ಪೂರ್ತಿ ರಜೆ ಅಲ್ಲ, ಓಣಂ ಪರೀಕ್ಷೆಯ ಉತ್ತರ ಪತ್ರಿಕೆಗಳ ಎರಡು ಕಟ್ಟು ಬ್ಯಾಗಿನಲ್ಲಿತ್ತು. ಜಗಲಿಯಲ್ಲಿ ಕೂತು ತಿದ್ದುತ್ತಿದ್ದರೆ ಅಮ್ಮ ಬಂದು ಬಗ್ಗಿ ನೋಡಿ, "ಇವನಿಗೆ ಪಾಪ ಇನ್ನೊಂದು ಮಾರ್ಕು ಕೊಡಬಾರದಾ" ಎನ್ನುವುದು. ಮಗಳಿಗೆ ಬೆಳಿಗ್ಗೆ ಎದ್ದು ಹೂ ಕೊಯ್ಯುವ ಕೆಲಸ. ಗೋರಟೆ, ದಾಸವಾಳ, ತುಂಬೆ, ಹೆಸರು ಗೊತ್ತಿಲ್ಲದ ಬೇಲಿ ಹೂಗಳು. ಶಾಲೆಯಲ್ಲಿ ಪೂಕ್ಕಳಂ ಹಾಕಿ ಬಂದವಳಿಗೆ ಇಗರ್ಜಿಗೂ ಹೂವನ್ನು ಬಣ್ಣ ಬಣ್ಣವಾಗಿ ವಿಂಗಡಿಸಿ ಒಯ್ಯಬೇಕೆಂಬ ಹುಚ್ಚು. "ಮಾತೆಗೆ ಬಣ್ಣ ಬೇರೆ ಮಾಡಿ ಕೊಡಬೇಕಂತಿಲ್ಲ" ಎಂದು ಅಮ್ಮ ನಕ್ಕರು.

ಆ ರಜೆಯಲ್ಲಿ ನಾವು ಕಂಡ ಒಂದು ಸಂಗತಿ ಹೇಳಲೇಬೇಕು. ಐದನೇ ದಿನ ಬೆಂಗಳೂರಿನಿಂದ ನೆಂಟರು ಬಂದಿದ್ದರು. ಅವರ ಮಕ್ಕಳಿಬ್ಬರೂ ದೊಡ್ಡ ಶಾಲೆಯಲ್ಲಿ ಇಂಗ್ಲಿಷಿನಲ್ಲಿ ಓದುವವರು, ಒಳ್ಳೆಯ ಮಕ್ಕಳು. ರಾತ್ರಿ ತೇರ್ಸ್ ಮುಗಿದ ಮೇಲೆ ಅಮ್ಮ ತಮ್ಮ ಹಳೆಯ ಪ್ರಾರ್ಥನೆ ಪುಸ್ತಕ ತೆಗೆದರು. ಕಣ್ಣು ಸರಿ ಕಾಣುವುದಿಲ್ಲ, ಮಕ್ಕಳು ಯಾರಾದರೂ ಓದಿ ಎಂದರು. ಪುಸ್ತಕ ಕೊಂಕಣಿಯದ್ದು, ಅಚ್ಚಾದದ್ದು ಕನ್ನಡ ಲಿಪಿಯಲ್ಲಿ. ನಮ್ಮ ಕಡೆ ಕೊಂಕಣಿ ಹಾಗೆಯೇ ಅಲ್ಲವೇ? ದೊಡ್ಡವನು ಒಂದು ಸಾಲು ತಡವರಿಸಿ ಪುಸ್ತಕವನ್ನು ಚಿಕ್ಕವಳಿಗೆ ಕೊಟ್ಟ, ಚಿಕ್ಕವಳು ನಮ್ಮವಳಿಗೆ ಕೊಟ್ಟಳು. ಇವಳು ನೀರು ಕುಡಿದ ಹಾಗೆ ಓದಿದಳು. ಅಮ್ಮ ಕಣ್ಣು ಮುಚ್ಚಿ ಕೇಳುತ್ತಿದ್ದರು. ಮಗಳನ್ನು ಕನ್ನಡ ಮಾಧ್ಯಮಕ್ಕೆ ಹಾಕಿದ್ದಕ್ಕೆ ನೆಂಟರಿಂದ ನಾವು ಕೇಳಿದ ಮಾತು ಒಂದೆರಡಲ್ಲ. ಆ ರಾತ್ರಿ ಯಾರೂ ಏನೂ ಹೇಳಲಿಲ್ಲ. ನಾವೂ ಹೇಳಲಿಲ್ಲ, ಆದರೆ ಬಾಯಿಯವರೆಗೆ ಬಂದಿತ್ತು ಎನ್ನುವುದನ್ನು ಮುಚ್ಚಿಡುವುದಿಲ್ಲ.

ಆದರೆ ಎಂಟನೇ ತಾರೀಕಿಗೆ ಏನು ಮಾಡುವುದು? ಅದೊಂದು ಗಂಟಾಗಿ ಕೂತಿತ್ತು. ಬೇಳದಲ್ಲಿ ಪೂಜೆ, ಮೆರವಣಿಗೆ, ತೆನೆ ಹಂಚುವುದು ಎಲ್ಲ ಮುಗಿಸಿ ಹೊರಟರೆ ಹತ್ತು ಗಂಟೆಗೆ ಶಾಲೆ ಮುಟ್ಟುವುದು ಸಾಧ್ಯವೇ ಇಲ್ಲ. ರಜೆ ಹಾಕಬಹುದಿತ್ತು. ಆದರೆ ನಮ್ಮದು ಸಣ್ಣ ಶಾಲೆ, ಇಬ್ಬರೂ ಒಟ್ಟಿಗೆ ರಜೆ ಹಾಕಿದರೆ ಎರಡು ಕ್ಲಾಸು ಖಾಲಿ. ಒಬ್ಬರು ಹಾಕಿ ಒಬ್ಬರು ಹೋದರೆ ಅದು ಎಂಥ ಹಬ್ಬ?

ಇದಕ್ಕಿಂತ ದೊಡ್ಡ ಅಡ್ಡಿ ನಾವೇ ಆಡಿದ್ದ ಒಂದು ಮಾತು. ಹಿಂದಿನ ವರ್ಷ ಐದನೇ ಕ್ಲಾಸಿನ ಒಬ್ಬ ಹುಡುಗ ಎರಡು ದಿನ ಬಂದಿರಲಿಲ್ಲ. ತಾಯಿಯನ್ನು ಕರೆಸಿ ಕೇಳಿದರೆ, "ತರವಾಡು ಮನೆಯಲ್ಲಿ ಪುದ್ವಾರ್ ಇತ್ತು ಟೀಚರ್, ಎಲ್ಲರೂ ಸೇರ್ಲೇಬೇಕು" ಎಂದರು. ನಾವು, ಇಬ್ಬರಲ್ಲಿ ಯಾರು ಎನ್ನುವುದು ಬೇಡ, "ಊಟ ರಾತ್ರಿಗೆ ಇಟ್ಟುಕೊಳ್ಳಬಹುದಿತ್ತಲ್ಲಾ, ಶಾಲೆ ಬಿಟ್ಟ ಮೇಲೆ?" ಎಂದೆವು. ಸ್ಟಾಫ್ ರೂಮಿನಲ್ಲಿ ಬೇರೆ ಟೀಚರುಗಳೂ ಇದ್ದರು. ಆಕೆ ಏನೂ ಹೇಳದೆ ಸೆರಗು ಎಳೆದುಕೊಂಡು ಹೋದರು. ಕನ್ನಡ ಕ್ಲಾಸುಗಳಲ್ಲಿ ಮಕ್ಕಳೇ ಕಡಿಮೆ, ಇರುವವರೂ ಬಾರದಿದ್ದರೆ ಹೇಗೆ ಎನ್ನುವ ಹೆದರಿಕೆಯಿಂದ ಆಡಿದ ಮಾತು ಅದು. ಹಾಗಂತ ಸಮರ್ಥನೆ ಮಾಡಿಕೊಳ್ಳಬಹುದು. ಆದರೆ ಅಂಥ ಮಾತು ಆಡಿದವರು ಈಗ ತಮ್ಮ ಹಬ್ಬಕ್ಕೆ ರಜಾ ಚೀಟಿ ಬರೆಯುವುದು ಹೇಗೆ?

ಶನಿವಾರ ರಾತ್ರಿ ಇದನ್ನೇ ಪಿಸುಗುಟ್ಟಿಕೊಂಡು ಚರ್ಚೆ ಮಾಡುತ್ತಿದ್ದಾಗ ಮಲಗಿದ್ದಾಳೆಂದು ಎಣಿಸಿದ್ದ ಮಗಳು ಕೇಳಿದಳು: "ಆ ದಿನ ನಾವು ಇಲ್ಲಿ ಇರಬೇಕೂಂತ ಇರುವುದು ದೇವರಿಗಾ, ಅಜ್ಜಿಗಾ?"

ದೇವರಿಗಾದರೆ ಸುಲಭ. ಸಬ್ಬತ್ ದಿನ ಇರುವುದು ಮನುಷ್ಯರಿಗಾಗಿ ಎಂದು ಪ್ರಭುಗಳೇ ಹೇಳಿದ್ದಾರೆ, ನಮ್ಮ ಊರಿನ ಇಗರ್ಜಿಯಲ್ಲಿ ಬೆಳಿಗ್ಗೆ ಆರೂವರೆಯ ಪೂಜೆಗೆ ಹೋಗಿ ಶಾಲೆಗೆ ಹೋಗಬಹುದು. ದೇವರು ಬಸ್ಸಿನ ಟೈಮು ಕೇಳುವುದಿಲ್ಲ. ಅಜ್ಜಿಗಾದರೆ ಕಷ್ಟ. ಕ್ಯಾಟೆಕಿಸಂ ಕ್ಲಾಸಿನಲ್ಲಿ ಹೀಗೆ ಎರಡನ್ನೂ ಬೇರೆ ಮಾಡಿ ಯಾರೂ ಕಲಿಸಿರಲಿಲ್ಲ, ಹಾಗಾಗಿ ಉತ್ತರ ಹೊಳೆಯಲಿಲ್ಲ. "ಮಲಗು" ಎಂದೆವು. ಮೇಷ್ಟ್ರುಗಳಿಗೆ ಉತ್ತರ ಗೊತ್ತಿಲ್ಲದಾಗ ಹೇಳುವ ಮಾತು ಅದೇ ತಾನೆ.

ಭಾನುವಾರ ಬೆಳಿಗ್ಗೆ ಅಮ್ಮನಿಗೆ ಹೇಳಿದೆವು: ಸಂಜೆ ಹೊರಡುತ್ತೇವೆ, ನಾಳೆ ಶಾಲೆ ಬಿಟ್ಟ ಕೂಡಲೇ ಬರುತ್ತೇವೆ, ಹೊಸ ಊಟ ರಾತ್ರಿಗೆ ಇಟ್ಟುಕೊಳ್ಳುವ ಅಂತ. ಹೇಳುವಾಗಲೇ ಆ ತಾಯಿಗೆ ಹೇಳಿದ ಮಾತು ಅಕ್ಷರಕ್ಕೆ ಅಕ್ಷರ ನಮ್ಮ ಬಾಯಿಂದ ಬಂತು. ಅಮ್ಮ, "ಆಯ್ತು, ಶಾಲೆ ಶಾಲೆಯೇ" ಎಂದು ಕಾಯಿ ತುರಿಯುವುದನ್ನು ಮುಂದುವರಿಸಿದರು. ಸಂಜೆ ನಾಲ್ಕರ ಬಸ್ಸಿಗೆ ಹೊರಟಾಗ ಮೆಟ್ಟಿಲಿನವರೆಗೆ ಬಂದರು. ಸಾಮಾನ್ಯವಾಗಿ ರಸ್ತೆಯವರೆಗೆ ಬರುತ್ತಾರೆ.

ಅದೇ ರಾತ್ರಿ ಪೂರ್ಣ ಚಂದ್ರಗ್ರಹಣ. ವಿಜ್ಞಾನದ ಮೇಷ್ಟ್ರು ನೋಡಲು ಹೇಳಿದ್ದಾರೆಂದು ಮಗಳು ಹನ್ನೊಂದು ದಾಟುವವರೆಗೆ ಅಂಗಳದಲ್ಲಿ. ಮೋಡದ ಸಂದಿನಲ್ಲಿ ತಾಮ್ರದ ಬಣ್ಣದ ಚಂದ್ರ ಸ್ವಲ್ಪ ಹೊತ್ತು ಕಂಡ. ಮರುದಿನ ಐದೂವರೆಗೆ ಎಬ್ಬಿಸಿದಾಗ ಅವಳ ಮುಖವೂ ಹೆಚ್ಚು ಕಡಿಮೆ ಅದೇ ಬಣ್ಣದಲ್ಲಿತ್ತು.

ಪೂಜೆಗೆ ಹೋದೆವು, ತೆನೆ ಸಿಕ್ಕಿತು, ಮಗಳಿಗೆ ಒಂದು ಮೊಳ ಕಬ್ಬೂ ಸಿಕ್ಕಿತು. ಅದನ್ನು ಕಾಗದದಲ್ಲಿ ಸುತ್ತಿ ಶಾಲೆಗೇ ತಂದಳು. ಮಧ್ಯಾಹ್ನದ ಬೆಲ್ಲಿಗೆ ಹೊರಗೆ ಬಂದರೆ ಬಾವಿಕಟ್ಟೆಯ ಹತ್ತಿರ ಏಳನೇ ಕ್ಲಾಸು ಪೂರ್ತಿ ಕಬ್ಬು ಅಗಿಯುತ್ತಿದೆ! ಕಲ್ಲಿನಲ್ಲಿ ಜಜ್ಜಿ ತುಂಡು ಮಾಡಿ ಹಂಚಿದ್ದಾರೆ, ಒಬ್ಬೊಬ್ಬರಿಗೆ ಹೆಬ್ಬೆರಳಿನಷ್ಟು. "ಮರಿಯಮ್ಮನ ಬರ್ತ್‌ಡೇ ಸರ್" ಎಂದ ಒಬ್ಬ. ಸಿಪ್ಪೆ ಹೆಕ್ಕಿ ಹಾಕಬೇಕೆಂದು ಗದರಿಸುವುದು ನಮ್ಮ ಧರ್ಮ, ಗದರಿಸಿದೆವು.

ಹಾಜರಿ ಕರೆದಾಗ ಇಬ್ಬರ ಕ್ಲಾಸು ಸೇರಿ ಐದು ಮಂದಿ ಇರಲಿಲ್ಲ. ಪುದ್ವಾರಿನ ಆ ಹುಡುಗ, ಈಗ ಆರನೇ ಕ್ಲಾಸು, ಅವನೂ ಇರಲಿಲ್ಲ.

ನಾಲ್ಕು ಗಂಟೆಗೆ ಬೆಲ್ಲು ಹೊಡೆದದ್ದೇ ಓಡಿದೆವು. ಕುಂಬಳೆಯಲ್ಲಿ ಬಸ್ಸು ತಪ್ಪಿತು, ಮುಂದಿನದಕ್ಕೆ ಕಾದೆವು. ಅಮ್ಮನ ಮನೆ ಮುಟ್ಟುವಾಗ ಕತ್ತಲು. ದೀಪ ಹಾಕಿ ಜಗಲಿಯಲ್ಲೇ ಕೂತಿದ್ದರು. ಒಳಗೆ ಹೋದರೆ ಮೇಜಿನ ಮೇಲೆ ಬಾಳೆ ಎಲೆಗಳು ತೊಳೆದು ಒರೆಸಿ ಇಟ್ಟದ್ದು ಹಾಗೆಯೇ ಇವೆ. ಐದು ಪದಾರ್ಥ ಪಾತ್ರೆಗಳಲ್ಲಿ ಮುಚ್ಚಿ ಇಟ್ಟಿದೆ, ಒಂದರಲ್ಲೂ ಸೌಟು ಹಾಕಿದ ಗುರುತಿಲ್ಲ. ಬೆಳಿಗ್ಗೆ ನೆರೆಮನೆಯವರ ರಿಕ್ಷಾದಲ್ಲಿ ಇಗರ್ಜಿಗೆ ಹೋಗಿ ಬಂದಿದ್ದಾರೆ. ಆಮೇಲೆ ಒಬ್ಬರೇ ಅಡುಗೆ ಮಾಡಿದ್ದಾರೆ.

"ಮಧ್ಯಾಹ್ನ ಊಟ ಮಾಡ್ಲಿಲ್ವಾ? ಶುಗರಿನ ಮಾತ್ರೆ ತಗೊಂಡು ಹಾಗೇ ಇದ್ದದ್ದಾ?" ಎಂದು ನಾವು ಇಬ್ಬರೂ ಒಟ್ಟಿಗೆ ದನಿ ಏರಿಸಿದೆವು. ತಪ್ಪು ಮಾಡಿದವರಿಗೆ ಸಿಟ್ಟು ಬೇಗ ಬರುತ್ತದೆ.

"ಊಟ ಮಾಡಿದ್ದೇನೆ. ಹಳೆ ಅಕ್ಕಿಯ ಗಂಜಿ, ಉಪ್ಪಿನಕಾಯಿ. ಹೊಸತನ್ನು ಒಬ್ಬಳೇ ಹೇಗೆ ತಿನ್ನುವುದು?"

ಹಬ್ಬದ ದಿನ, ಅಷ್ಟೆಲ್ಲ ಅಡುಗೆ ಎದುರಿಗಿಟ್ಟುಕೊಂಡು, ಗಂಜಿ. ಆಕ್ಷೇಪದ ದನಿಯಲ್ಲೂ ಹೇಳಿದ್ದಲ್ಲ. ಆ ಮನೆಯಲ್ಲಿ ಒಂದು ಕಾಲದಲ್ಲಿ ಹೊಸತಿಗೆ ಮೂವತ್ತು ಜನ ಇರುತ್ತಿದ್ದರು. ಆಗ ಸ್ವಂತ ಗದ್ದೆ ಇತ್ತು, ಇವತ್ತು ಅಲ್ಲಿ ಅಡಿಕೆ ತೋಟ. ತೆನೆ ಕೂಡ ಈಗ ಬರುವುದು ನೆರೆಯ ಬಿಲ್ಲವರ ಬೈಲಿನಿಂದ. ಹೊಸತಿಗೆಂದೇ ಅವರು ಒಂದು ತುಂಡು ಗದ್ದೆಯನ್ನು ಮುಂಚೆ ನೆಡುತ್ತಾರೆ. ತಮ್ಮ ಮನೆಗೂ ಅದೇ, ನಮ್ಮ ಇಗರ್ಜಿಗೂ ಅದೇ.

ಅಮ್ಮ ತೆನೆ ಸುಲಿಯಲು ಕೂತರು. ಎಣಿಸಿ ಎಣಿಸಿ ಚಿಕ್ಕ ಚಿಕ್ಕ ಗುಂಪು ಮಾಡಿದರು. ನಾವು ಇದ್ದದ್ದು ನಾಲ್ಕು ಜನ, ಗುಂಪು ಮಾತ್ರ ಹನ್ನೊಂದು. ಮಂಗಳೂರಿನವರದ್ದು, ಕುವೈತಿನವರದ್ದು, ಎಲ್ಲರದ್ದೂ ಉಂಟು. ಇಲ್ಲದವರ ಪಾಲನ್ನೂ ಕುಟ್ಟಿ ಪಾಯಸಕ್ಕೇ ಹಾಕಿದರು. ಕುವೈತಿಗೆಂದು ಒಂದು ತೆನೆಯನ್ನು ಹಾಗೆಯೇ ಲಕೋಟೆಯಲ್ಲಿಟ್ಟರು. ವಿಳಾಸ ಬರೆಯುವುದು ಪ್ರತಿ ವರ್ಷವೂ ನಮ್ಮ ಕೆಲಸ. ಈ ಸಲ ಮಗಳು ಬರೆದಳು.

ಪ್ರಾರ್ಥನೆ ಹೇಳುವುದು ಹಿರಿಯರು. ಅಮ್ಮ ಎದ್ದು ನಿಂತು ಆರಂಭಿಸಿ, ಅಪ್ಪನ ಹೆಸರು ಬಂದಲ್ಲಿ ಸ್ವಲ್ಪ ನಿಂತು, ಪುಸ್ತಕವನ್ನು ಮೊಮ್ಮಗಳ ಕೈಗೆ ಕೊಟ್ಟರು. ಅವಳು ಮುಂದುವರಿಸಿದಳು. ಬೆಳಿಗ್ಗೆಯಿಂದ ಓಡಿದ್ದಕ್ಕೆ ನಿದ್ದೆ ತೂಗುತ್ತಿತ್ತು, ಆದರೂ ಒಂದಕ್ಷರ ತಪ್ಪಲಿಲ್ಲ. ಊಟಕ್ಕೆ ಕೂತಾಗ ಎಂಟೂವರೆ. ಕೆಸುವಿನ ದಂಟು ಸ್ವಲ್ಪ ಹುಳಿಯಾಗಿತ್ತು, ಯಾರೂ ಹೇಳಲಿಲ್ಲ.

ತಟ್ಟನೆ ಅಮ್ಮ ಕೇಳಿದರು: "ಮಕ್ಕಳೆಲ್ಲ ಬಂದಿದ್ರಾ ಶಾಲೆಗೆ?"

"ಐದು ಜನ ಬರಲಿಲ್ಲ."

"ಐದೇನಾ? ಒಂದು ಪಾಲು ಹೊಸತು ಇದ್ದ ಮನೆಯವರಿರಬೇಕು."

ಆ ರಾತ್ರಿ ಅಲ್ಲೇ ಉಳಿದು ಮರುದಿನ ಆರು ಗಂಟೆಯ ಬಸ್ಸಿಗೆ ಹೊರಟೆವು. ಅಮ್ಮ ರಸ್ತೆಯವರೆಗೆ ಬಂದರು.

ಒಂಬತ್ತನೇ ತಾರೀಕು ಆ ಹುಡುಗ ಬಂದಿದ್ದ. ಹಾಜರಿ ಕರೆಯುವಾಗ ಎದ್ದು ನಿಂತು, ಕೇಳುವ ಮೊದಲೇ ಕುತ್ತಿಗೆ ಬಗ್ಗಿಸಿದ. "ಎಷ್ಟು ಪದಾರ್ಥ ಇತ್ತು?" ಎಂದು ಕೇಳಿದೆವು. ಮೊದಲು ಅವನಿಗೆ ಅರ್ಥವಾಗಲಿಲ್ಲ. ಆಮೇಲೆ ಬೆರಳು ಮಡಚಲು ಶುರುಮಾಡಿದ. ಹರಿವೆ, ಬೆಂಡೆ, ಹೀರೆಕಾಯಿ... ಕೆಸುವಿನ ಹತ್ತಿರ ಬಂದಾಗ ಹಿಂದಿನ ಬೆಂಚಿನಿಂದ ಯಾರೋ, "ನಮ್ಮಲ್ಲಿ ಅದಕ್ಕೆ ಅಂಬಟೆ ಹಾಕ್ತಾರೆ" ಎಂದರು. ಹಾಕುವುದಾ ಬೇಡವಾ ಎನ್ನುವುದರಲ್ಲೇ ಆ ಪಿರಿಯಡ್ಡಿನ ಹತ್ತು ನಿಮಿಷ ಹೋಯಿತು.

ತಾಯಿಯನ್ನು ಮುಂದಿನ ಮೀಟಿಂಗಿನಲ್ಲಿ ಕಂಡೆವು. ಮಾತಾಡಬೇಕೆಂದಿದ್ದೆವು. ಆಕೆಯೇ ಮೊದಲು, "ಈ ಸಲವೂ ಒಂದು ದಿನ ತಪ್ಪಿತು ಟೀಚರ್" ಎಂದರು. "ನಾವು ಆ ದಿನ ತಪ್ಪಿಸಲಿಲ್ಲ" ಎಂದು ಹೇಳಿ, ಮುಂದೇನು ಹೇಳುವುದೆಂದು ತಿಳಿಯದೆ, ಅಮ್ಮ ಗಂಜಿ ಉಂಡದ್ದನ್ನು ಹೇಳಿದೆವು. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮ ಅತ್ತೆಯೂ ಹಾಗೇ" ಎಂದರು.